ಕೈಲಿ ಮಿನೋಗ್ ಆಲ್ಬಮ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರೇಲಿಯಾದ ಪಾಪ್ ಗಾಯಕಿ ಕೈಲಿ ಮಿನೋಗ್ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಎರಡೇ ಸಂಗತಿ. ಒಂದು, ‘ಲಾ ಲಾ ಲಾ’ ಅಂತ ಶುರುವಾಗುವ ಹಾಡು. ಇನ್ನೊಂದು, ಅಕ್ಷಯ್ ಕುಮಾರ್ ಸಿನಿಮಾದಲ್ಲಿ ಬಂದುಹೋದ ಕುಣಿತ. ಅದರಾಚೆ ಮೂವತ್ತೇಳು ವರ್ಷಕ್ಕೂ ಹೆಚ್ಚು ಕಾಲದ ಧ್ವನಿಮುದ್ರಣಗಳ ರಾಶಿಯಿದೆ. ನನ್ನ ಪ್ಲೇಲಿಸ್ಟ್ ನೋಡಿದ ಗೆಳೆಯರು, ಅಣ್ಣನ ಮಕ್ಕಳು, ಆಫೀಸಿನವರು ಸುತ್ತಿ ಬಳಸಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಹೇಳಿ ಹೇಳಿ ಬಾಯಿ ನೋಯಿತು, ಅದಕ್ಕೇ ಬರೆದಿಟ್ಟಿದ್ದೇನೆ.

ಹೆಸರು ಹೇಗೆ ಹೇಳಬೇಕು? ಕೈಲಿನಾ, ಕೈಲೀನಾ?

ಕೈಲಿ. ‘ಕೈಲಿ ಕಾಸಿಲ್ಲ’ ಅನ್ನುತ್ತೀವಲ್ಲ, ಅದೇ ಕೈಲಿ. ಅಡ್ಡಹೆಸರು ಮಿನೋಗ್, ‘ಮಿನೋಗ್ಯೂ’ ಅಲ್ಲ. ಪಶ್ಚಿಮ ಆಸ್ಟ್ರೇಲಿಯಾದ ನ್ಯೂಂಗಾರ್ ಮೂಲನಿವಾಸಿಗಳ ಭಾಷೆಯಲ್ಲಿ ಕೈಲಿ ಅಂದರೆ ಬೂಮರಾಂಗ್. ಎಸೆದರೂ ವಾಪಸ್ ಬರುವ ಕೋಲು. ಈಕೆಯ ವೃತ್ತಿಜೀವನ ನೋಡಿದವರಿಗೆ ಇದು ಯಾರೋ ಬೇಕೆಂದೇ ಇಟ್ಟ ಹೆಸರು ಅನ್ನಿಸಬಹುದು. ಹುಟ್ಟಿದ್ದು 1968ರ ಮೇ 28, ಮೆಲ್ಬರ್ನ್‌ನಲ್ಲಿ.

ಒಟ್ಟು ಎಷ್ಟು ಆಲ್ಬಮ್?

ಸ್ಟುಡಿಯೋ ಆಲ್ಬಮ್ ಮಾತ್ರ ಎಣಿಸಿದರೆ, 2024ರ ‘ಟೆನ್ಷನ್ 2’ ಹದಿನೇಳನೆಯದು. ಕ್ರಿಸ್‌ಮಸ್ ಹಾಡುಗಳ ಆಲ್ಬಮ್ ಈ ಲೆಕ್ಕದೊಳಗಿದೆ. ಹಳೆಯ ಹಾಡುಗಳನ್ನೇ ವಾದ್ಯವೃಂದದೊಂದಿಗೆ ಮತ್ತೆ ಹಾಡಿದ ‘ದಿ ಆ್ಯಬಿ ರೋಡ್ ಸೆಷನ್ಸ್’ ಹೊರಗಿದೆ. ಹಾಗಾಗಿ ಒಬ್ಬರು ಹದಿನಾರು ಅಂದರೆ, ಇನ್ನೊಬ್ಬರು ಹದಿನೆಂಟು ಅಂದರೆ ಜಗಳಕ್ಕೆ ಹೋಗಬೇಡಿ. ಯಾವುದನ್ನು ಸೇರಿಸಿದರು, ಯಾವುದನ್ನು ಬಿಟ್ಟರು ಅಂತ ಕೇಳಿ, ಅಷ್ಟೇ. ಇದರ ಮೇಲೆ ಆಯ್ದ ಹಾಡುಗಳ ಸಂಗ್ರಹಗಳು, ವೇದಿಕೆಯ ಮುದ್ರಣಗಳು, ರೀಮಿಕ್ಸ್‌ಗಳು. ಅವನ್ನೆಲ್ಲ ಎಣಿಸುತ್ತ ಕೂರುವ ಕೆಲಸ ನನಗೆ ಬೇಡ.

ಮೊದಲು ನಟಿ, ಆಮೇಲೆ ಗಾಯಕಿ ಅಂತಾರಲ್ಲ?

ಹೌದು. ‘ನೇಬರ್ಸ್’ ಅನ್ನುವ ಆಸ್ಟ್ರೇಲಿಯಾದ ಧಾರಾವಾಹಿಯಲ್ಲಿ ಚಾರ್ಲೀನ್ ಅನ್ನುವ ಮೆಕ್ಯಾನಿಕ್ ಹುಡುಗಿಯ ಪಾತ್ರ. ಧಾರಾವಾಹಿ ಬ್ರಿಟನ್ನಿನಲ್ಲೂ ಮನೆಮಾತಾಗಿತ್ತು. ನಮ್ಮಲ್ಲಿ ಸೀರಿಯಲ್ ನಟಿಯೊಬ್ಬಳು ಹಾಡಿನ ಕ್ಯಾಸೆಟ್ ತಂದರೆ ಜನ ಹೇಗೆ ಮೂಗು ಮುರಿಯುತ್ತಿದ್ದರೋ ಅಲ್ಲೂ ಹಾಗೇ ಆಯಿತು. ಬ್ರಿಟಿಷ್ ಪತ್ರಿಕೆಗಳು ವರ್ಷಗಟ್ಟಲೆ ಆಕೆಯನ್ನು ಗೇಲಿ ಮಾಡಿದವು.

ಮೊದಲ ಹಾಡು ಯಾವುದು? ‘ಲೋಕೋಮೋಷನ್’ ಎರಡು ಥರ ಕೇಳಿಸುತ್ತದಲ್ಲ?

ಕಿವಿ ಚುರುಕಾಗಿದೆ ನಿಮಗೆ. ಎರಡು ಇರುವುದು ನಿಜ.

ಮೆಲ್ಬರ್ನ್‌ನ ಒಂದು ಫುಟ್‌ಬಾಲ್ ಕ್ಲಬ್ಬಿನ ಸಹಾಯಾರ್ಥ ಕಾರ್ಯಕ್ರಮದಲ್ಲಿ ‘ನೇಬರ್ಸ್’ ತಂಡದವರು ಹಾಡಿದರು. ಅಲ್ಲಿ ಕೈಲಿ ಹಾಡಿದ್ದು ಲಿಟಲ್ ಈವಾ 1962ರಲ್ಲಿ ಹಾಡಿದ್ದ ‘ದಿ ಲೋಕೋ-ಮೋಷನ್’. ಬರೆದವರು ಜೆರ್ರಿ ಗಾಫಿನ್ ಮತ್ತು ಕ್ಯಾರೊಲ್ ಕಿಂಗ್. ಮಶ್ರೂಮ್ ರೆಕಾರ್ಡ್ಸ್ ಅನ್ನುವ ಧ್ವನಿಮುದ್ರಣ ಕಂಪನಿಯವರ ಕಣ್ಣಿಗೆ ಈಕೆ ಬಿದ್ದರು. 1987ರ ಜುಲೈನಲ್ಲಿ ಅದೇ ಹಾಡು ‘ಲೋಕೋಮೋಷನ್’ ಎಂಬ ಹೆಸರಲ್ಲಿ ಆಸ್ಟ್ರೇಲಿಯಾದಲ್ಲಿ ಹೊರಬಂತು. ಅಲ್ಲಿನ ಮಾರಾಟದ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನ. ಆ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್, ಅಂದರೆ ಬಿಡಿಯಾಗಿ ಮಾರುವ ಹಾಡು, ಅದೇ.

ಮರುವರ್ಷ ಹಾಡು ಬರೆದು ನಿರ್ಮಿಸುವ ಲಂಡನ್ನಿನ ಸ್ಟಾಕ್, ಏಟ್ಕನ್, ವಾಟರ್‌ಮನ್ ತ್ರಿವಳಿ ಅದನ್ನು ತಮ್ಮ ಬಗೆಯಲ್ಲಿ ಹೊಸದಾಗಿ ಮುದ್ರಿಸಿತು. ಹೊರದೇಶಗಳಿಗೆ ಹೋಗಿದ್ದು ಈ ಎರಡನೆಯದು. ಬ್ರಿಟನ್ನಿನಲ್ಲಿ 2ನೇ ಸ್ಥಾನ, ಅಮೆರಿಕದಲ್ಲಿ 3ನೇ ಸ್ಥಾನ. ನಿಮಗೆ ಸ್ಟ್ರೀಮಿಂಗ್‌ನಲ್ಲಿ ಸಿಗುವುದು ಸಾಮಾನ್ಯವಾಗಿ ಇದು.

‘ಐ ಶುಡ್ ಬಿ ಸೋ ಲಕಿ’ ನಲವತ್ತು ನಿಮಿಷದಲ್ಲಿ ಬರೆದ ಹಾಡಂತೆ, ನಿಜವಾ ಕಟ್ಟುಕಥೆಯಾ?

ಬರೆದವರೇ ಒಪ್ಪಿಕೊಂಡ ಕಥೆ. 1987ರಲ್ಲಿ ಕೈಲಿ ಹಾಡು ಮುದ್ರಿಸಲೆಂದು ಮೆಲ್ಬರ್ನ್‌ನಿಂದ ಲಂಡನ್ನಿಗೆ ಬಂದಿಳಿದರು. ಆ ತ್ರಿವಳಿಯ ಸ್ಟುಡಿಯೋದವರಿಗೆ ಮೂರು ಹೊತ್ತೂ ಕೆಲಸ, ಯಾರು ಬಂದರು ಯಾರು ಹೋದರು ಗೊತ್ತಾಗದಷ್ಟು. ಈಕೆ ಬರುವುದನ್ನೇ ಮರೆತುಬಿಟ್ಟಿದ್ದರು. ಕಾದು ಕಾದು ವಾಪಸ್ ವಿಮಾನ ಹತ್ತುವ ದಿನ ಬಂತು. ಆಕೆ ಹೊರಗೆ ಕೂತಿದ್ದಾಗ ಒಳಗೆ ಅವಸರದಲ್ಲಿ ಹಾಡು ಹೊಸೆದರು. ‘ನಮ್ಮನ್ನು ಸಿಕ್ಕಿಸಿಕೊಂಡರೆ ಆಕೆಯ ಅದೃಷ್ಟ’ ಅನ್ನುವ ಕುಹಕದ ಮಾತೇ ಪಲ್ಲವಿಯಾಯಿತು ಅನ್ನುತ್ತಾರೆ. ಇಡೀ ಹಾಡನ್ನು ಆಕೆ ಮೊದಲು ಕೇಳಲೂ ಇಲ್ಲ. ಒಂದು ಸಾಲು ಹೇಳಿಕೊಟ್ಟರು, ಹಾಡಿದರು. ಮುಂದಿನ ಸಾಲು ಹೇಳಿಕೊಟ್ಟರು, ಹಾಡಿದರು. ಭಜನೆಯಲ್ಲಿ ಮುಂದಾಳು ಹೇಳಿದ್ದನ್ನು ಹಿಂದಿನವರು ಹೇಳುತ್ತಾರಲ್ಲ, ಹಾಗೆ. ಕೆಲಸ ಮುಗಿಸಿ ವಿಮಾನ ಹತ್ತಿದರು.

ಆ ಹಾಡು 1988ರಲ್ಲಿ ಬ್ರಿಟನ್ನಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿ ಕೂತಿತು.

ಈ ದೃಶ್ಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಬಾಗಿಲಾಚೆ ಕಾಯುತ್ತಿರುವ ಹತ್ತೊಂಬತ್ತರ ಹುಡುಗಿ, ಹಾಡಿನ ಮೇಲೆ ಯಾವ ಹಿಡಿತವೂ ಇಲ್ಲ. ಕೈಲಿಯ ಹಾಡು ಕೈಲಿಯ ಕೈಗೇ ಬರಲು ಎಷ್ಟು ವರ್ಷ ಹಿಡಿಯಿತು ಅನ್ನುವುದೇ ನನ್ನ ಮಟ್ಟಿಗೆ ಈ ಇಡೀ ಆಲ್ಬಮ್ ಸಾಲಿನ ಕಥೆ.

ಆ ತ್ರಿವಳಿಯ ಜೊತೆ ಬಂದ ಆಲ್ಬಮ್‌ಗಳು ಎಲ್ಲವೂ ಒಂದೇ ಥರ ಇಲ್ಲವೇ?

ಮೊದಲೆರಡು ಹೌದು. ‘ಕೈಲಿ’ (1988), ‘ಎಂಜಾಯ್ ಯುವರ್‌ಸೆಲ್ಫ್’ (1989) ಒಂದೇ ಅಚ್ಚಿನ ಇಡ್ಲಿಗಳು. ಡ್ರಮ್ ಮಷೀನ್ ಒಂದೇ ಸಮ ಕುಟ್ಟುತ್ತದೆ, ಪಲ್ಲವಿ ಬಾಯಿಪಾಠ ಆಗುವವರೆಗೆ ತಿರುಗುತ್ತದೆ. ಎರಡೂ ಬ್ರಿಟನ್ನಿನಲ್ಲಿ ನಂಬರ್ ಒನ್. ಮೊದಲನೆಯದು ಅಲ್ಲೊಂದರಲ್ಲೇ 20 ಲಕ್ಷ ದಾಟಿ ಮಾರಾಟವಾಯಿತು. ನಡುವೆ ಧಾರಾವಾಹಿಯ ಜೋಡಿ ಜೇಸನ್ ಡೊನೊವನ್ ಜೊತೆಗಿನ ಯುಗಳಗೀತೆ ‘ಎಸ್ಪೆಷಲಿ ಫಾರ್ ಯು’ ಬೇರೆ. ಅದೂ ನಂಬರ್ ಒನ್.

ಮೂರನೆಯ ‘ರಿದಮ್ ಆಫ್ ಲವ್’ (1990) ಬೇರೆ ಕಥೆ. ‘ಬೆಟರ್ ದಿ ಡೆವಿಲ್ ಯು ನೋ’, ‘ಶಾಕ್ಡ್’, ‘ವಾಟ್ ಡೂ ಐ ಹ್ಯಾವ್ ಟು ಡೂ’ ಇಲ್ಲಿವೆ. ಕೆಲವು ಹಾಡುಗಳಿಗೆ ಬರೆದವರ ಸಾಲಿನಲ್ಲಿ ಆಕೆಯ ಹೆಸರು ಮೊದಲ ಸಲ ಕಾಣುತ್ತದೆ. ತಮಾಷೆ ಏನೆಂದರೆ, ಹಾಡು ಸುಧಾರಿಸಿದ ಹಾಗೆ ಆಲ್ಬಮ್‌ಗಳು ಪಟ್ಟಿಯಲ್ಲಿ ಇಳಿಯುತ್ತ ಹೋದವು. ಬ್ರಿಟನ್ನಿನಲ್ಲಿ ಇದಕ್ಕೆ ಸಿಕ್ಕಿದ್ದು 9ನೇ ಸ್ಥಾನ, 1991ರ ‘ಲೆಟ್ಸ್ ಗೆಟ್ ಟು ಇಟ್’ಗೆ 15. ಅಷ್ಟರಲ್ಲಿ ತ್ರಿವಳಿಯಿಂದ ಏಟ್ಕನ್ ಹೊರಬಿದ್ದಿದ್ದರು. 1992ರಲ್ಲಿ ಒಂದು ‘ಗ್ರೇಟೆಸ್ಟ್ ಹಿಟ್ಸ್’ ತಂದು ಕೈಲಿಯೂ ಹೊರಟರು.

ಒಂದೇ ಹೆಸರಿನ ಆಲ್ಬಮ್ ಎರಡು ಮೂರು ಇವೆಯಲ್ಲ, ಯಾವುದು ಯಾವುದು?

ಈ ಗೊಂದಲದಲ್ಲಿ ಸಿಕ್ಕಿಕೊಂಡವರಲ್ಲಿ ನಾನೂ ಒಬ್ಬ. ಹಳೆಯ ಸಿ.ಡಿ. ಅಂಗಡಿಯೊಂದರಲ್ಲಿ ‘ಕೈಲಿ ಮಿನೋಗ್’ ಅಂತ ಬರೆದದ್ದನ್ನು ಕೊಂಡು ಮನೆಗೆ ತಂದು ಹಾಕಿದರೆ ಬೇಕಾದದ್ದಲ್ಲ, ಬೇರೆಯದೇ.

1988ರದ್ದು ಬರೀ ‘ಕೈಲಿ’. 1994ರದ್ದು ‘ಕೈಲಿ ಮಿನೋಗ್’, ಡೀಕನ್‌ಸ್ಟ್ರಕ್ಷನ್ ಅನ್ನುವ ನೃತ್ಯಸಂಗೀತದ ಕಂಪನಿಯಿಂದ ಬಂದದ್ದು. ಇನ್ನು 1997ರ ‘ಇಂಪಾಸಿಬಲ್ ಪ್ರಿನ್ಸೆಸ್’. ಈ ಹೆಸರು ಸಿಕ್ಕಿದ್ದು ಬಿಲ್ಲಿ ಚೈಲ್ಡಿಶ್ ಅನ್ನುವ ಕವಿಯ ಸಂಕಲನದಿಂದ. ಆಲ್ಬಮ್ ಸಿದ್ಧವಿದ್ದಾಗಲೇ, 1997ರ ಆಗಸ್ಟ್ 31ರಂದು ರಾಜಕುಮಾರಿ ಡಯಾನಾ ಪ್ಯಾರಿಸ್‌ನ ಅಪಘಾತದಲ್ಲಿ ತೀರಿಕೊಂಡರು. ಇಡೀ ಬ್ರಿಟನ್ ಸೂತಕದಲ್ಲಿರುವಾಗ ‘ಅಸಾಧ್ಯ ರಾಜಕುಮಾರಿ’ ಅಂತ ಅಂಗಡಿಯಲ್ಲಿ ಜೋಡಿಸಲು ಯಾರಿಗೆ ಧೈರ್ಯ? ಆಸ್ಟ್ರೇಲಿಯಾದಲ್ಲಿ ಮೂಲ ಹೆಸರಲ್ಲೇ ಬಂತು. ಯೂರೋಪಿನಲ್ಲಿ 1998ರ ಮಾರ್ಚ್‌ವರೆಗೆ ತಡೆದು, ಹೆಸರು ಕಿತ್ತು, ಮತ್ತೆ ‘ಕೈಲಿ ಮಿನೋಗ್’ ಅಂತಲೇ ತಂದರು.

ಹಾಗಾಗಿ ಹಳೆಯ ಡಿಸ್ಕ್ ಕೊಳ್ಳುವವರು ಹೆಸರು ನೋಡಬೇಡಿ, ಹಿಂದೆ ತಿರುಗಿಸಿ ಹಾಡುಗಳ ಪಟ್ಟಿ ನೋಡಿ. ‘ಕನ್ಫೈಡ್ ಇನ್ ಮಿ’ ಇದ್ದರೆ 1994ರದ್ದು. ‘ಡಿಡ್ ಇಟ್ ಅಗೇನ್’, ‘ಬ್ರೀದ್’ ಇದ್ದರೆ ರಾಜಕುಮಾರಿಯದು.

‘ಇಂಪಾಸಿಬಲ್ ಪ್ರಿನ್ಸೆಸ್’ ನೆಲಕಚ್ಚಿತಂತೆ, ಆದರೂ ಅಭಿಮಾನಿಗಳು ಅದನ್ನೇ ತಲೆ ಮೇಲೆ ಹೊತ್ತುಕೊಂಡು ತಿರುಗುತ್ತಾರಲ್ಲ, ಯಾಕೆ?

ಹೊತ್ತು ತಿರುಗುವವರಲ್ಲಿ ನನ್ನನ್ನೂ ಸೇರಿಸಿಕೊಳ್ಳಿ.

ಪೂರ್ತಿ ನೆಲಕಚ್ಚಿತು ಅನ್ನುವುದು ಬ್ರಿಟನ್ನಿನವರ ಮಾತು. ಅಲ್ಲಿ ಆಲ್ಬಮ್ 10ನೇ ಸ್ಥಾನ, ಮೊದಲ ಸಿಂಗಲ್ ‘ಸಮ್ ಕೈಂಡ್ ಆಫ್ ಬ್ಲಿಸ್’ 22ನೇ ಸ್ಥಾನ. ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ಅನ್ನುವ ರಾಕ್ ತಂಡದವರ ಜೊತೆ ಮಾಡಿದ ಹಾಡು ಅದು. ‘ನಿನಗ್ಯಾಕಮ್ಮ ಈ ಗಿಟಾರು’ ಅನ್ನುವ ಧಾಟಿಯಲ್ಲಿ ಪತ್ರಿಕೆಗಳು ಹಿಡಿದು ಜಾಡಿಸಿದವು. ತವರಿನಲ್ಲಿ ಹಾಗಾಗಲಿಲ್ಲ. ಆಸ್ಟ್ರೇಲಿಯಾದಲ್ಲಿ 4ನೇ ಸ್ಥಾನ ಸಿಕ್ಕಿತು. 1998ರಲ್ಲಿ ಸಣ್ಣ ಸಣ್ಣ ರಂಗಮಂದಿರಗಳಲ್ಲಿ ನಡೆದ ‘ಇಂಟಿಮೇಟ್ ಆ್ಯಂಡ್ ಲೈವ್’ ಪ್ರವಾಸಕ್ಕೆ ಜನ ಮುಗಿಬಿದ್ದರು. ಸಿಡ್ನಿಯ ಕ್ಯಾಪಿಟಲ್ ಥಿಯೇಟರಿನಲ್ಲಿ ಮುದ್ರಿಸಿದ ಅದರ ಲೈವ್ ಆಲ್ಬಮ್ ಈಗಲೂ ಸಿಗುತ್ತದೆ. ಹಳೆಯ ‘ಲಕಿ’ ಹಾಡನ್ನು ಅಲ್ಲಿ ಮೆಲ್ಲಗೆ, ಪ್ರೇಮಭಂಗದ ಹಾಡಿನಂತೆ ಹಾಡುತ್ತಾರೆ. ಅದೇ ಸಾಲುಗಳು, ಬೇರೆಯೇ ಹೆಂಗಸು.

ಯಾಕೆ ಹೊತ್ತು ತಿರುಗುತ್ತೇವೆ ಅಂದರೆ, ಈ ಆಲ್ಬಮ್‌ನ ಪ್ರತಿ ಹಾಡಿನ ರಚನೆಯಲ್ಲೂ ಆಕೆಯ ಪಾಲಿದೆ. ಸಾಲು ಸಾಲಾಗಿ ಹೇಳಿಸಿಕೊಂಡು ಹಾಡಿದ್ದ ಹುಡುಗಿ ಹತ್ತು ವರ್ಷಕ್ಕೆ ತನ್ನ ನೋಟ್‌ಬುಕ್ ಹಿಡಿದು ಬಂದಿದ್ದರು. ಎಲ್ಲ ಹಾಡೂ ಗೆದ್ದಿಲ್ಲ. ಕೆಲವು ಕಡೆ ಹಾಡಿಗಿಂತ ಸದ್ದೇ ಹೆಚ್ಚಾಯಿತು. ಆದರೂ ಆಕೆಯ ಪಟ್ಟಿಯಲ್ಲಿ ಇನ್ನೊಬ್ಬರು ಬರೆದು ಕೊಡಲಾಗದಂಥ ಆಲ್ಬಮ್ ಇದೊಂದೇ. 25ನೇ ವರ್ಷಕ್ಕೆ, 2022ರಲ್ಲಿ, ಎಲ್.ಪಿ. ತಟ್ಟೆಯಾಗಿ ಮರಳಿ ಬಂತು.

ರಾಕ್ ಗಾಯಕ ನಿಕ್ ಕೇವ್ ಜೊತೆಗಿನ ಹಾಡು ಆಕೆಯ ಯಾವ ಆಲ್ಬಮ್‌ನಲ್ಲಿದೆ?

1995ರ ‘ವೇರ್ ದಿ ವೈಲ್ಡ್ ರೋಸಸ್ ಗ್ರೋ’ ಆಕೆಯ ಆಲ್ಬಮ್‌ಗೆ ಸೇರಿದ್ದಲ್ಲ. ನಿಕ್ ಕೇವ್ ಆ್ಯಂಡ್ ದಿ ಬ್ಯಾಡ್ ಸೀಡ್ಸ್ ತಂಡದ ‘ಮರ್ಡರ್ ಬ್ಯಾಲಡ್ಸ್’ನಲ್ಲಿ ಹುಡುಕಿ. ಹೆಸರೇ ಹೇಳುವಂತೆ ಕೊಲೆಗಳ ಲಾವಣಿಗಳು. ಪ್ರಿಯಕರನ ಕೈಯಲ್ಲಿ ಸಾಯುವ ಹುಡುಗಿ ಕೈಲಿ. ವಿಡಿಯೊದಲ್ಲಿ ನೀರಿನಲ್ಲಿ ತೇಲುತ್ತಾ ಮಲಗಿರುತ್ತಾರೆ. ಮೂಲ ಮುದ್ರಣವೇ ಬೇಕಿದ್ದರೆ ಆ ಆಲ್ಬಮ್ಮೇ ಬೇಕು. ಇಬ್ಬರೂ ಮತ್ತೆ ಹಾಡಿದ್ದು ಬೇಕಿದ್ದರೆ ‘ಆ್ಯಬಿ ರೋಡ್ ಸೆಷನ್ಸ್’ನಲ್ಲಿದೆ.

ನಿಕ್ ಕೇವ್ ಮಾಡಿದ ಇನ್ನೊಂದು ಉಪಕಾರ: 1996ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಕವಿಗೋಷ್ಠಿಗೆ ಹೋಗಿ ‘ಐ ಶುಡ್ ಬಿ ಸೋ ಲಕಿ’ಯ ಸಾಲುಗಳನ್ನು ಕವಿತೆಯಂತೆ ಓದು ಅಂತ ಪುಸಲಾಯಿಸಿದ್ದು. ಆಕೆ ಓದಿದರು. ಜನ ನಗುವುದಕ್ಕೂ ಮೊದಲು ತಾನೇ ನಕ್ಕುಬಿಟ್ಟರೆ ನಾಚಿಕೆ ಅಲ್ಲಿಗೇ ಮುಗಿಯುತ್ತದೆ.

ಮತ್ತೆ ಎದ್ದು ಬಂದದ್ದು ಯಾವ ಹಾಡಿನಿಂದ?

‘ಸ್ಪಿನ್ನಿಂಗ್ ಅರೌಂಡ್’, 2000ನೇ ಇಸವಿ. ಈ ಹಾಡನ್ನು ಬರೆದವರಲ್ಲಿ ಅಮೆರಿಕದ ಗಾಯಕಿ ಪೌಲಾ ಅಬ್ದುಲ್ ಒಬ್ಬರು. ಹತ್ತು ವರ್ಷದ ನಂತರ ಬ್ರಿಟನ್ನಿನಲ್ಲಿ ಮತ್ತೆ ನಂಬರ್ ಒನ್. ವಿಡಿಯೊದಲ್ಲಿ ತೊಟ್ಟ ಚಿನ್ನದ ಬಣ್ಣದ ಪುಟ್ಟ ಚಡ್ಡಿ ಹಾಡಿಗಿಂತ ಹೆಚ್ಚು ಹೆಸರು ಮಾಡಿತು. ಸಂತೆಯಲ್ಲಿ 50 ಪೆನ್ಸ್‌ಗೆ ಸಿಕ್ಕಿದ್ದು. ಈಗ ಅದು ಆರ್ಟ್ಸ್ ಸೆಂಟರ್ ಮೆಲ್ಬರ್ನ್‌ನ ಸಂಗ್ರಹದಲ್ಲಿದೆ. ಆ ವರ್ಷದ ಆಲ್ಬಮ್ ‘ಲೈಟ್ ಇಯರ್ಸ್’, ಕಂಪನಿ ಪಾರ್ಲೋಫೋನ್. ಸಿಡ್ನಿ ಒಲಿಂಪಿಕ್ಸ್ ಸಮಾರೋಪದಲ್ಲಿ ಕಡಲತೀರದ ಜೀವರಕ್ಷಕರು ಹೊತ್ತು ತಂದ ದೈತ್ಯ ಹವಾಯಿ ಚಪ್ಪಲಿಯ ಮೇಲೆ ಕೂತು ಬಂದು ಹಾಡಿದ್ದೂ ಇದೇ ವರ್ಷ.

‘ಲಾ ಲಾ ಲಾ’ ಹಾಡಿನಲ್ಲಿ ಅಂಥದ್ದೇನಿದೆ?

‘ಕಾಂಟ್ ಗೆಟ್ ಯು ಔಟ್ ಆಫ್ ಮೈ ಹೆಡ್’. ಬರೆದವರು ಕ್ಯಾಥಿ ಡೆನಿಸ್ ಮತ್ತು ರಾಬ್ ಡೇವಿಸ್. ಹುಟ್ಟಿದ್ದು ಡೇವಿಸ್ ಮನೆಯಲ್ಲಿದ್ದ ಸಣ್ಣ ಸ್ಟುಡಿಯೋದಲ್ಲಿ, ಕೆಲವೇ ಗಂಟೆಗಳಲ್ಲಿ. ಮೊದಲು ಎಸ್ ಕ್ಲಬ್ 7 ತಂಡದವರ ಕಡೆಗೆ ಹೋಯಿತು, ಬೇಡ ಅಂದರು. ಗಾಯಕಿ ಸೋಫಿ ಎಲ್ಲಿಸ್-ಬೆಕ್ಸ್ಟರ್ ಕಡೆಗೆ ಹೋಯಿತು, ಅಲ್ಲೂ ಬೇಡ ಅಂದರು. ಕೈಲಿ ಡೆಮೊ, ಅಂದರೆ ಮಾದರಿ ಮುದ್ರಣ, ಪೂರ್ತಿ ಕೇಳುವ ಮೊದಲೇ ಬೇಕು ಅಂದರು.

ಏನಿದೆ ಅಂದರೆ, ಸುಮ್ಮನೆ ಕಿವಿಗೊಟ್ಟು ನೋಡಿ. ಪೀಠಿಕೆ ಇಲ್ಲ, ಎದುರುಗೊಳ್ಳುವುದೇ ‘ಲಾ ಲಾ’. ಹಾಡಿಗೆ ಮಾತು ಸಿಗುವ ಮೊದಲೇ ಗುನುಗು ಸಿಕ್ಕಿದೆ. ನಾವು ತಲೆಯಲ್ಲಿ ಸಿಕ್ಕಿಹಾಕಿಕೊಂಡ ಹಾಡನ್ನು ನೆನಪಿಸಿಕೊಳ್ಳುವುದೂ ಹೀಗೇ ಅಲ್ಲವೇ, ಮಾತು ಮರೆತು, ಲಾ ಲಾ ಮಾತ್ರ ಉಳಿದು? ಹಾಡಿನ ವಿಷಯವೂ ಅದೇ, ಒಬ್ಬ ತಲೆಯಿಂದ ಹೋಗುತ್ತಿಲ್ಲ. ಕೆಳಗೆ ತಾಳ ಗಡಿಯಾರದಂತೆ ಒಂದೇ ಸಮ ನಡೆಯುತ್ತದೆ, ಎಲ್ಲೂ ಉಬ್ಬುವುದಿಲ್ಲ. ದನಿಯೂ ಏರುವುದಿಲ್ಲ, ಪಕ್ಕದಲ್ಲಿ ಕೂತು ಪಿಸುಗುಟ್ಟಿದಷ್ಟೇ. ಆಕೆಯದು ದೊಡ್ಡ ಕಂಠವಲ್ಲ ಅನ್ನುವವರಿದ್ದಾರೆ, ನಾನೂ ಒಪ್ಪುತ್ತೇನೆ. ದೊಡ್ಡ ಕಂಠದವರು ಈ ಹಾಡನ್ನು ಹಾಳು ಮಾಡಿಬಿಡುತ್ತಿದ್ದರು.

2001ರ ಸೆಪ್ಟೆಂಬರಿನಲ್ಲಿ ಬಂತು, ಬ್ರಿಟನ್ನಿನಲ್ಲಿ ನಾಲ್ಕು ವಾರ ಮೊದಲ ಸ್ಥಾನ, ಲೋಕದ ತುಂಬ 50 ಲಕ್ಷಕ್ಕೂ ಹೆಚ್ಚು ಪ್ರತಿ. ನಾನು ಕೇಳಿದ್ದು ಹಾಸ್ಟೆಲ್‌ನ ಟಿ.ವಿ. ಕೋಣೆಯಲ್ಲಿ, ಮ್ಯೂಸಿಕ್ ಚಾನೆಲ್ಲಿನಲ್ಲಿ. ವಿಡಿಯೊದಲ್ಲಿ ಆಕೆಯದು ಬಿಳಿ ಟೋಪಿಯುಡುಪು, ಅಲ್ಲಲ್ಲಿ ಸೀಳು. ವಾರ್ಡನ್ ಬಂದರೆ ಚಾನೆಲ್ ಬದಲಿಸುವುದಕ್ಕೆಂದೇ ರಿಮೋಟ್ ಹಿಡಿದು ಒಬ್ಬ ಬಾಗಿಲ ಬಳಿ ಕೂರುತ್ತಿದ್ದ.

‘ಲಾ ಲಾ ಲಾ’ ಇರುವ ‘ಫೀವರ್’ ಆಲ್ಬಮ್‌ನಲ್ಲಿ ಬೇರೆ ಏನು ಕೇಳಬೇಕು?

ಬೇರೆ ಎಲ್ಲವೂ. ಆದರೆ ‘ಕಮ್ ಇನ್ಟು ಮೈ ವರ್ಲ್ಡ್’ ಹಾಡನ್ನು ಕೇಳುವುದಷ್ಟೇ ಅಲ್ಲ, ನೋಡಿ. ವಿಡಿಯೊ ನಿರ್ದೇಶನ ಫ್ರಾನ್ಸಿನ ಮಿಶೆಲ್ ಗೋಂದ್ರಿ. ಕೈಲಿ ಬಟ್ಟೆ ಒಗೆಯುವ ಅಂಗಡಿಯಿಂದ ಕೈಯಲ್ಲೊಂದು ಗಂಟು ಹಿಡಿದು ಹೊರಬರುತ್ತಾರೆ, ಬೀದಿಯಲ್ಲಿ ಒಂದು ಸುತ್ತು ಹಾಕುತ್ತಾರೆ. ಸುತ್ತು ಮುಗಿಸಿ ಅದೇ ಅಂಗಡಿಯ ಮುಂದೆ ಬಂದರೆ ಒಳಗಿಂದ ಇನ್ನೊಬ್ಬ ಕೈಲಿ ಹೊರಬರುತ್ತಾರೆ. ಈಗ ಇಬ್ಬರು. ಮುಂದಿನ ಸುತ್ತಿಗೆ ಮೂವರು. ಆಕೆ ಮಾತ್ರ ಅಲ್ಲ, ಬೀದಿಯಲ್ಲಿದ್ದವರೆಲ್ಲ ಹೆಚ್ಚುತ್ತಾ ಹೋಗುತ್ತಾರೆ. ಜಗಳ ಆಡುವವರು, ಪೋಸ್ಟರ್ ಅಂಟಿಸುವವರು, ಎಲ್ಲ. ಒಂದೇ ಪಲ್ಲವಿ ಮತ್ತೆ ಮತ್ತೆ ಬರುವುದನ್ನು ಕಣ್ಣಿಗೆ ಕಾಣಿಸುವುದು ಹೇಗೆ ಅಂತ ಕೇಳಿದರೆ, ಹೀಗೆ. ನಾಲ್ಕನೇ ಸುತ್ತಿನಲ್ಲಿ ಯಾರು ಯಾರನ್ನು ಹಾದುಹೋದರು ಅಂತ ಹಿಡಿಯಲು ನಾನು ಇವತ್ತಿಗೂ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡುತ್ತೇನೆ. ಆಕೆಗೆ ಮೊದಲ ಗ್ರಾಮಿ ತಂದದ್ದು ಈ ಹಾಡು, 2004ರಲ್ಲಿ.

ಅಮೆರಿಕದಲ್ಲಿ ಯಾಕೆ ಅಷ್ಟು ಹೆಸರಿಲ್ಲ?

1988ರಲ್ಲಿ ‘ಲೋಕೋ-ಮೋಷನ್’ 3ನೇ ಸ್ಥಾನ, 2002ರಲ್ಲಿ ‘ಲಾ ಲಾ’ 7ನೇ ಸ್ಥಾನ. ಅಲ್ಲಿನ ಟಾಪ್ ಟೆನ್‌ನಲ್ಲಿ ಈ ಎರಡೇ. ನಡುವೆ ಹದಿನಾಲ್ಕು ವರ್ಷ ಖಾಲಿ. ‘ಫೀವರ್’ ಆಲ್ಬಮ್ ಅಲ್ಲೂ 3ನೇ ಸ್ಥಾನಕ್ಕೆ ಹೋಯಿತು. ಮರುವರ್ಷದ ‘ಬಾಡಿ ಲ್ಯಾಂಗ್ವೇಜ್’ (2003) ಅಮೆರಿಕದವರಿಗೆ ಹಿಡಿಸಲಿಲ್ಲ. ಅವರ ನಷ್ಟ. ಅದರಲ್ಲಿರುವ ‘ಸ್ಲೋ’ ಐಸ್‌ಲ್ಯಾಂಡಿನ ಗಾಯಕಿ ಎಮಿಲಿಯಾನಾ ಟೊರೀನಿ, ಡ್ಯಾನ್ ಕೇರಿ ಜೊತೆ ಕೈಲಿ ಸೇರಿ ಬರೆದದ್ದು. ಎರಡು ಮೂರು ಸದ್ದು ಬಿಟ್ಟರೆ ಹಾಡಿನಲ್ಲಿ ಏನೂ ಇಲ್ಲ, ಆದರೂ ಕಡಿಮೆ ಅನ್ನಿಸುವುದಿಲ್ಲ. ಬ್ರಿಟನ್ನಿನಲ್ಲಿ ಅದು ಆಕೆಯ ಏಳನೇ ನಂಬರ್ ಒನ್ ಸಿಂಗಲ್.

ಕಾಯಿಲೆಯ ವರ್ಷಗಳ ಹಾಡುಗಳು ಯಾವುವು?

2005ರ ಮೇ ತಿಂಗಳಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ‘ಶೋಗರ್ಲ್’ ಪ್ರವಾಸ ಅರ್ಧಕ್ಕೆ ನಿಂತಿತು. ಆ ವರ್ಷ ಬ್ರಿಟನ್ನಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವವೂ ತಪ್ಪಿತು. 2006ರ ನವೆಂಬರಿನಲ್ಲಿ ಸಿಡ್ನಿಯಿಂದ ಪ್ರವಾಸ ಮತ್ತೆ ಶುರುವಾಯಿತು. 2007ರ ‘ಎಕ್ಸ್’ ಆಲ್ಬಮ್ ಬಂದಾಗ ನೋವಿನ ಹಾಡುಗಳನ್ನು ನಿರೀಕ್ಷಿಸಿದ್ದವರಿಗೆ ಸಿಕ್ಕಿದ್ದು ಕುಣಿಯುವ ಹಾಡುಗಳು. ನೋವನ್ನು ಮಾರಿಕೊಳ್ಳಲಿಲ್ಲ ಅನ್ನುವುದು ನನಗೆ ಮೆಚ್ಚುಗೆ. ಆದರೆ ಆಲ್ಬಮ್ ಮಾತ್ರ ಎಲ್ಲ ತರಕಾರಿ ಹಾಕಿದ ಕೂಟಿನಂತಿದೆ, ಯಾವುದರ ರುಚಿಯೂ ನಿಲ್ಲುವುದಿಲ್ಲ. ಆಗ ಬರೆದ, ಹುಟ್ಟಲಿರುವ ಅಥವಾ ಹುಟ್ಟದಿರಬಹುದಾದ ಮಗುವಿಗೆ ಹಾಡಿದ ‘ಫ್ಲವರ್’ ಅದರಿಂದ ಹೊರಗುಳಿಯಿತು. ಅದು ಬೆಳಕು ಕಂಡದ್ದು 2012ರಲ್ಲಿ, ‘ಆ್ಯಬಿ ರೋಡ್ ಸೆಷನ್ಸ್’ ಜೊತೆ.

2010ರ ‘ಆಫ್ರೊಡೈಟಿ’ ಮಾತ್ರ ಕೊನೆವರೆಗೂ ಒಂದೇ ಎಳೆ. ಸಂಗೀತ ನಿರ್ಮಾಪಕ ಸ್ಟುವರ್ಟ್ ಪ್ರೈಸ್ ಮೇಲ್ವಿಚಾರಣೆ. ‘ಆಲ್ ದಿ ಲವರ್ಸ್’ ಅದರ ಬಾಗಿಲು.

‘ಚಿಗ್ಗಿ ವಿಗ್ಗಿ’ ಆಕೆಯ ಅಧಿಕೃತ ಪಟ್ಟಿಯಲ್ಲಿದೆಯಾ?

ಆಕೆಯ ಆಲ್ಬಮ್‌ನಲ್ಲಿ ಇಲ್ಲ, ‘ಬ್ಲೂ’ ಸಿನಿಮಾದ ಧ್ವನಿಸುರುಳಿಯಲ್ಲಿದೆ. 2009ರ ದೀಪಾವಳಿಗೆ ಬಂದ ಹಿಂದಿ ಚಿತ್ರ, ಸಂಗೀತ ಎ.ಆರ್. ರೆಹಮಾನ್. ಅರ್ಧ ಹಾಡು ಕೈಲಿಯ ಇಂಗ್ಲಿಷ್, ಅಲ್ಲಿಂದ ಒಮ್ಮೆಲೆ ಭಾಂಗ್ರಾ. ಭಾಂಗ್ರಾ ಭಾಗಕ್ಕೆ ದನಿ ಸೋನು ನಿಗಮ್, ಅಂದರೆ ‘ಮುಂಗಾರು ಮಳೆ’ಯಲ್ಲಿ ನಾವೆಲ್ಲ ಕೇಳಿದ ಅದೇ ದನಿ. ಕನ್ನಡದ ಕಿವಿಗೂ ಕೈಲಿಗೂ ಇರುವ ನಂಟು ಈ ಒಂದು ಕೊಂಡಿಯಷ್ಟೇ. ಹಾಡು? ಚೆನ್ನಾಗಿಲ್ಲ. ಮದುವೆ ಮೆರವಣಿಗೆಯ ಬ್ಯಾಂಡು, ಡಿಸ್ಕೋ ಎರಡೂ ಒಂದೇ ಬೀದಿಯಲ್ಲಿ ಎದುರಾದ ಹಾಗಿದೆ. ಎರಡರಲ್ಲಿ ಯಾವುದೂ ದಾರಿ ಬಿಡುವುದಿಲ್ಲ.

‘ಗೋಲ್ಡನ್’ ಕಂಟ್ರಿ ಸಂಗೀತವಂತೆ?

ಅರ್ಧ. 2014ರ ‘ಕಿಸ್ ಮಿ ಒನ್ಸ್’ ಆಲ್ಬಮ್ ಅಷ್ಟಾಗಿ ಕೈ ಹಿಡಿಯಲಿಲ್ಲ. ಅದರ ಮೇಲ್ವಿಚಾರಣೆಯಲ್ಲಿ ಜೊತೆಯಾಗಿದ್ದವರು ಇನ್ನೊಬ್ಬ ಆಸ್ಟ್ರೇಲಿಯಾದ ಗಾಯಕಿ ಸಿಯಾ. ಆಮೇಲೆ ಬಿ.ಎಂ.ಜಿ. ಕಂಪನಿ ಸೇರಿ, ಅಮೆರಿಕದ ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ಗೆ ಹೋಗಿ ಅಲ್ಲಿನ ಹಾಡು ಬರೆಯುವವರ ಜೊತೆ ಕೂತರು. 2018ರ ಏಪ್ರಿಲ್‌ನಲ್ಲಿ ಆಲ್ಬಮ್ ಬಂತು, ಮೇ ತಿಂಗಳಲ್ಲಿ ಆಕೆಗೆ ಐವತ್ತು ತುಂಬಿತು. ‘ಇಂಪಾಸಿಬಲ್ ಪ್ರಿನ್ಸೆಸ್’ ನಂತರ ಮತ್ತೆ ಎಲ್ಲ ಹಾಡುಗಳಲ್ಲೂ ಆಕೆಯ ಹೆಸರು. ಬ್ರಿಟನ್ನಿನಲ್ಲಿ ನಂಬರ್ ಒನ್. ಮರುವರ್ಷ ಗ್ಲಾಸ್ಟನ್‌ಬರಿಯಲ್ಲಿ, ಹದಿನಾಲ್ಕು ವರ್ಷ ತಡವಾಗಿ, ಹಾಡಿ ಬಂದರು.

‘ಡಿಸ್ಕೋ’ ಆಲ್ಬಮ್ ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಮಾಡಿದ್ದಾ?

ಬಹುಪಾಲು ಹಾಗೇ. 2020ರಲ್ಲಿ ಕೊರೊನಾ ಬಂದು ಸ್ಟುಡಿಯೋಗಳು ಬಾಗಿಲು ಹಾಕಿದವು. ಲಂಡನ್ನಿನ ಮನೆಯಲ್ಲಿ ಮೈಕು, ತಂತಿ, ಕಂಪ್ಯೂಟರು ಜೋಡಿಸಿಕೊಂಡು, ದೂರದಿಂದ ಹೇಳಿಸಿಕೊಂಡು, ಧ್ವನಿಮುದ್ರಣದ ಕೆಲಸ ಕಲಿತರು. ಆಲ್ಬಮ್‌ನ ವಿವರಗಳಲ್ಲಿ ನೋಡಿ, ಹಾಡಿದವರ ಜಾಗದಲ್ಲಿ ಅಷ್ಟೇ ಅಲ್ಲ, ದನಿ ಮುದ್ರಿಸಿದ ಎಂಜಿನಿಯರ್ ಜಾಗದಲ್ಲೂ ಆಕೆಯ ಹೆಸರಿದೆ. ಆಗ ವಯಸ್ಸು ಐವತ್ತೆರಡು. ಲಂಡನ್ನಿನ ಆ ಸ್ಟುಡಿಯೋದ ಹೊರಗೆ ಕಾದು ಕೂತಿದ್ದಕ್ಕೆ ಮೂವತ್ತಮೂರು ವರ್ಷ. ಈಗ ಬಾಗಿಲೂ ಅವರದೇ, ಮುದ್ರಣದ ಕೆಂಪು ಗುಂಡಿಯೂ ಅವರದೇ.

‘ಡಿಸ್ಕೋ’ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಹಿಡಿದಾಗ, ಎಂಬತ್ತರ ದಶಕದಿಂದ ಸತತ ಐದು ದಶಕಗಳಲ್ಲಿ ನಂಬರ್ ಒನ್ ಆಲ್ಬಮ್ ಕೊಟ್ಟ ಮೊದಲ ಗಾಯಕಿಯಾದರು.

ಬ್ರಿಟನ್ನಿನ ನಂಬರ್ ಒನ್ ಆಲ್ಬಮ್‌ಗಳು ಯಾವುವು? ಕ್ವಿಜ್‌ಗೆ ಬೇಕು.

ತಗೊಳ್ಳಿ: ಕೈಲಿ, ಎಂಜಾಯ್ ಯುವರ್‌ಸೆಲ್ಫ್, ಗ್ರೇಟೆಸ್ಟ್ ಹಿಟ್ಸ್, ಫೀವರ್, ಆಫ್ರೊಡೈಟಿ, ಗೋಲ್ಡನ್, ಸ್ಟೆಪ್ ಬ್ಯಾಕ್ ಇನ್ ಟೈಮ್ (2019ರ ಸಂಗ್ರಹ), ಡಿಸ್ಕೋ, ಟೆನ್ಷನ್, ಟೆನ್ಷನ್ 2. 2024ರವರೆಗೆ ಹತ್ತು. ‘ಲೈಟ್ ಇಯರ್ಸ್’ ಇದರಲ್ಲಿ ಇಲ್ಲ, ಅದು ಎರಡನೇ ಸ್ಥಾನಕ್ಕೇ ನಿಂತಿತು. ಎದುರಾಳಿಯನ್ನು ಬೀಳಿಸಲು ಒಳ್ಳೆಯ ಪ್ರಶ್ನೆ.

‘ಪದಂ ಪದಂ’ ಅಂದರೆ ಏನು? ಸಂಸ್ಕೃತವಾ?

ಇಲ್ಲಪ್ಪ. ನಮ್ಮ ಕಿವಿಗೆ ಪದ, ಹಾಡು, ಹೆಜ್ಜೆ ಎಲ್ಲ ಕೇಳಿಸುತ್ತದೆ, ಆದರೆ ಅದು ಎದೆಬಡಿತದ ಸದ್ದು. ನಮ್ಮ ಎದೆ ‘ಢವ ಢವ’ ಅಂದರೆ ಅವರದು ‘ಪದಂ ಪದಂ’. ಫ್ರಾನ್ಸಿನ ಎಡಿತ್ ಪಿಯಾಫ್ ಹಾಡಿದ ಹಳೆಯ ಹಾಡೊಂದಕ್ಕೂ ಇದೇ ಹೆಸರಿದೆ, ಆದರೆ ಎರಡೂ ಬೇರೆ ಬೇರೆ ಹಾಡುಗಳು. ಇದನ್ನು ಬರೆದವರು ನಾರ್ವೆಯ ಇನಾ ವ್ರೋಲ್ಡ್‌ಸನ್ ಮತ್ತು ಲಾಸ್ಟ್‌ಬಾಯ್ ಅನ್ನುವ ಹೆಸರಿನ ನಿರ್ಮಾಪಕ. 2023ರ ಮೇ ತಿಂಗಳಲ್ಲಿ ಬಂದು, ತಾವು ಹುಟ್ಟುವ ಮೊದಲೇ ಕೈಲಿ ಮೂರು ಸಲ ಬಿದ್ದು ಎದ್ದದ್ದನ್ನು ಕಾಣದ ಈಗಿನ ಮಕ್ಕಳ ಬಾಯಲ್ಲಿ ಹರಿದಾಡಿತು. 2024ರಲ್ಲಿ ಪಾಪ್ ಡಾನ್ಸ್ ವಿಭಾಗವನ್ನು ಗ್ರಾಮಿಯಲ್ಲಿ ಹೊಸದಾಗಿ ಸೇರಿಸಿದರು. ಅದರ ಮೊದಲ ಪ್ರಶಸ್ತಿ ಇದಕ್ಕೇ. ಮೊದಲ ಗ್ರಾಮಿಗೂ ಎರಡನೆಯದಕ್ಕೂ ನಡುವೆ ಇಪ್ಪತ್ತು ವರ್ಷ.

ಇಷ್ಟೆಲ್ಲ ಕೇಳಲು ಪುರಸೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಪುರಸೊತ್ತಿಲ್ಲದವರು ‘ಫೀವರ್’ ಹಾಕಿ. ಬಸ್ಸಿನಲ್ಲಿ ಮೆಜೆಸ್ಟಿಕ್‌ನಿಂದ ಜಯನಗರ ಮುಟ್ಟುವಷ್ಟರಲ್ಲಿ ಮುಗಿಯುತ್ತದೆ, ಟ್ರಾಫಿಕ್ ಇದ್ದರೆ ಎರಡು ಸಲ. ಪಾಪ್ ಅಂದರೆ ಮುಖ ಕಿವುಚುವವರು ‘ಕನ್ಫೈಡ್ ಇನ್ ಮಿ’ಯಿಂದ ಶುರು ಮಾಡಿ. ಸುಮಾರು ಆರು ನಿಮಿಷ, ತಂತಿವಾದ್ಯಗಳ ಎಳೆತದ ಮೇಲೆ ಪಿಸುಮಾತು. ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಅದು ಹಿಡಿಸಿದರೆ ‘ಇಂಪಾಸಿಬಲ್ ಪ್ರಿನ್ಸೆಸ್’ ಪೂರ್ತಿ ಕೇಳಬಹುದು. ಹಿಡಿಸದಿದ್ದರೆ ನನಗೆ ಫೋನ್ ಮಾಡಬೇಡಿ.